ಕಾಶಿನಾಥನ ಐಸ್ ಗಾಡಿ

ನಾನು ಪುಕ್ಕಲ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಹುಮನಾಬಾದಿನಲ್ಲಿ ನನ್ನನ್ನು ಬಲ್ಲವರು ಓದಿ ನಗುತ್ತಾರೆ. ಮೋಟಾರು ವಾಹನ ನಿರೀಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ನಮ್ಮ ಕಡೆ ಆ ಹೆಸರನ್ನು ಯಾರೂ ಬಳಸುವುದಿಲ್ಲ, ‘ಬ್ರೇಕ್ ಸಾಹೇಬ್ರು’ ಎನ್ನುತ್ತಾರೆ. ಗಾಡಿಯ ಬ್ರೇಕ್ ಹಿಡಿಯುತ್ತದೋ ಇಲ್ಲವೋ ನೋಡುವವನು ಎಂದು ಅರ್ಥ. ನನ್ನ ಹೆಂಡತಿಯ ಪ್ರಕಾರ ಆ ಹೆಸರು ನನಗೆ ನೌಕರಿಗಿಂತ ಮೊದಲೇ ಸಲ್ಲಬೇಕಿತ್ತು. ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ಹೊರಟರೂ ನಾನು ಅಡ್ಡ ನಿಲ್ಲುತ್ತೇನಂತೆ.

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಿಕ್ಕಾಗ ಬಡ್ತಿ ಯಾವಾಗ ಬರುತ್ತದೆ, ವರ್ಗ ಎಲ್ಲಿಗೆ ಆಗುತ್ತದೆ ಎಂದು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲ. ಕೆಲಸ ಹೇಗಿತ್ತು ಎಂದು ಕೇಳಿದರೆ ಮಾತ್ರ ಹೇಳುತ್ತೇನೆ, ಹೆದರಿಕೆಯದ್ದಾಗಿತ್ತು ಎಂದು. ಲಾರಿಯ ಹೆದರಿಕೆ, ಲಾರಿ ಮಾಲೀಕರ ಹೆದರಿಕೆ, ಮೇಲಿನವರ ಹೆದರಿಕೆ. ಎಲ್ಲಕ್ಕಿಂತ ಹೆಚ್ಚಾಗಿ, ಓಡಲು ಯೋಗ್ಯ ಎಂದು ನಾನೇ ಸಹಿ ಹಾಕಿ ಕಳಿಸಿದ ಗಾಡಿಯ ಹೆದರಿಕೆ. ಈ ಬರಹದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ನಿವೃತ್ತಿಯ ನಂತರ ಎದುರಾದ ಒಂದು ಹಳೆಯ ಗಾಡಿಯ ವಿಷಯ. ಅದರ ಮೂಲ ಹುಡುಕಲು ಹೋದವನು ಒಬ್ಬ ಬಸುರಿಯ ಮತ್ತು ಅವಳ ಹೊಟ್ಟೆಯ ಕೂಸಿನ ಜೀವದ ಚಿಂತೆಗೆ ಬಿದ್ದೆ. ಆದರೆ ಅದಕ್ಕೂ ಮೊದಲು ಹಿಂದಿನದ್ದು ಸ್ವಲ್ಪ ಹೇಳಬೇಕು, ಯಾಕೆಂದರೆ ಆ ದಿನ ನನ್ನ ಕೈ ಮಾಡಿದ ಕೆಲಸವನ್ನು ಕಲಿತದ್ದು ಆಗ.

ನನ್ನ ಮೊದಲ ಮೇಲಧಿಕಾರಿ ಧಾರವಾಡದ ಕಡೆಯವರು, ತೆಳ್ಳಗೆ, ಸಿಡುಕಿನ ಮನುಷ್ಯ. ಸೇರಿದ ದಿನವೇ ನನ್ನನ್ನು ಇಟ್ಟಿಗೆ ಲಾರಿಯೊಂದರ ಕೆಳಗೆ ಮಲಗಿಸಿದರು. ಎಂಜಿನ್ ಚಾಲೂ ಇತ್ತು. ಚಾಲಕನಿಗೆ ಬ್ರೇಕ್ ಒತ್ತಿ ಬಿಡಲು ಹೇಳಿ, ಕೆಳಗೆ ಏನು ಅಲುಗುತ್ತದೆ ನೋಡು ಎಂದರು. ನನ್ನ ಮೂಗಿನ ಮೇಲೆ ಗೇಣುದ್ದದಲ್ಲಿ ಕಬ್ಬಿಣ ನಡುಗುತ್ತಿತ್ತು, ಎಣ್ಣೆ ಹನಿ ಹನಿಯಾಗಿ ಕೊರಳ ಮೇಲೆ ಬೀಳುತ್ತಿತ್ತು. ಹೊರಗೆ ಬಂದಾಗ ಏನು ಕಂಡೆ ಎಂದು ಕೇಳಿದರು. ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

“ಹೆದರಿದ್ದು ಚಲೋ ಆತು. ಕಣ್ಣ ಮುಚ್ಚಿದ್ದು ಚಲೋ ಆಗಲಿಲ್ಲ. ಮತ್ತ ಹೋಗು” ಎಂದರು.

ಮತ್ತೆ ಹೋದೆ. ಈ ಸಲ ಕಣ್ಣು ತೆರೆದಿದ್ದೆ, ಒಂದು ಪಟ್ಟಿ ಮುರಿದಿದ್ದು ಕಂಡಿತು. ಅವರು ಹೊಗಳಲಿಲ್ಲ, ಕೈ ಹಚ್ಚಿ ನೋಡಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಮೂರನೆಯ ಸಲ ಒಳಗೆ ಹೋಗಬೇಕಾಯಿತು. ಯಾವ ಗಾಡಿಯನ್ನೂ ಬರೀ ನೋಡಿ ನಂಬಬಾರದು, ಮುಟ್ಟಬೇಕು ಎಂಬುದು ಅವರ ಹಟ. ಆಮೇಲೆ ಒಮ್ಮೆ ಶಾಲಾ ಮಕ್ಕಳ ವ್ಯಾನಿನಲ್ಲಿ ಹೊಸ ಚಾಪೆ ಹಾಸಿದ್ದನ್ನು ಕಂಡು ಮೆಚ್ಚಿಕೊಂಡವನು, ಅವರ ನೆನಪಾಗಿ ಚಾಪೆ ಎತ್ತಿದೆ. ಕೆಳಗೆ ನೆಲವೇ ಇರಲಿಲ್ಲ, ತುಕ್ಕು ತಿಂದ ತಗಡಿನ ತೂತಿನಿಂದ ರಸ್ತೆ ಕಾಣುತ್ತಿತ್ತು. ಆ ವ್ಯಾನಿನಲ್ಲಿ ಯಾರ ಮಗುವಿನ ಕಾಲೂ ಜಾರಿರಲಿಲ್ಲ, ಆದರೂ ಎಷ್ಟೋ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಪದ್ಧತಿ ಈಗ ಹೋಗಿಯೇಬಿಟ್ಟಿದೆ. ಪ್ರತಿ ಗಾಡಿಯ ಚಾಸಿಯ ಮೇಲೆ ಒಂದು ನಂಬರು ಒತ್ತಿರುತ್ತದೆ. ಆಗ ಅದರ ಮೇಲೆ ತೆಳುವಾದ ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ ಅಚ್ಚು ತೆಗೆಯುತ್ತಿದ್ದೆವು. ಪೆನ್ಸಿಲ್ ಪ್ರಿಂಟ್ ಎನ್ನುತ್ತಿದ್ದರು. ಕದ್ದ ಲಾರಿಯ ನಂಬರನ್ನು ಅರದಿಂದ ತಿಕ್ಕಿ ಅಳಿಸಿ ಬೇರೆಯದನ್ನು ಒತ್ತಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಕಾಗದದ ಮೇಲೆ ಹಳೆಯ ಅಂಕಿಯ ನೆರಳು ಮೂಡುತ್ತದೆ. ಈಗ ಮೊಬೈಲಿನಲ್ಲಿ ಫೋಟೊ ಹೊಡೆದು ಕಂಪ್ಯೂಟರಿಗೆ ಏರಿಸುತ್ತಾರೆ. ಕೆಲಸ ಬೇಗ ಆಗುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಫೋಟೊದಲ್ಲಿ ನೆರಳು ಬೀಳುವುದಿಲ್ಲ.

ಬಸವಕಲ್ಯಾಣದ ಆಟೋ ನಗರದಲ್ಲಿ ಅಂಥದ್ದೊಂದು ಲಾರಿಯ ನೆರಳು ನನ್ನ ಕಾಗದಕ್ಕೆ ಬಿದ್ದಿತ್ತು. ಸಂಜೆ ಮೂವರು ನಮ್ಮ ಮನೆಗೆ ಬಂದರು. ಬಹಳ ಮರ್ಯಾದಸ್ಥರು. ಚಹಾ ಕುಡಿದರು. ನನ್ನ ಮಕ್ಕಳ ಹೆಸರು, ಅವರ ಶಾಲೆ, ಶಾಲೆ ಬಿಡುವ ಹೊತ್ತು, ಅವರು ಯಾವ ಗಲ್ಲಿಯಿಂದ ಮನೆಗೆ ಬರುತ್ತಾರೆ ಎಂಬುದನ್ನೆಲ್ಲ ವಿಚಾರಿಸಿ, ನಮಸ್ಕಾರ ಮಾಡಿ ಹೋದರು. ಗದರಿಕೆಯ ಒಂದು ಮಾತೂ ಇಲ್ಲ. ಮರುದಿನ ನಾನು ವರದಿ ಬರೆದೆ, ಧೈರ್ಯ ಬಂತೆಂದಲ್ಲ. ಬರೆಯದೆ ಹೋದರೆ ಧಾರವಾಡದ ಆ ಸಿಡುಕಿನ ಮುದುಕ ಏನೆಂದಾನು ಎಂಬ ಅಂಜಿಕೆ ಇನ್ನೂ ದೊಡ್ಡದಾಗಿತ್ತು. ಮಕ್ಕಳನ್ನು ಮಾತ್ರ ಬಹಳ ದಿನ ನಾನೇ ಶಾಲೆಗೆ ಬಿಟ್ಟು ಕರೆತಂದೆ.

ಇಷ್ಟು ಹೇಳಿ ಕಾಶಿನಾಥನ ಗಾಡಿಗೆ ಬರುತ್ತೇನೆ. ಕಾಶಿನಾಥ ಬಸವಕಲ್ಯಾಣದವನು, ಖವಾ ಮತ್ತು ಪೇಢೆಯ ಅಂಗಡಿ, ನಾರಾಯಣಪುರದ ಹತ್ತಿರ ಹೊಲ. ಹಿಂದೆಂದೋ ಅವನ ಲಗೇಜು ಗಾಡಿಯನ್ನು ನಾನು ಪಾಸಿಂಗಿಗೆ ಮೂರು ಸಲ ತಿರುಗಿಸಿ ಕಳಿಸಿದ್ದೆ. ಅದರ ಸಿಟ್ಟು ಇಟ್ಟುಕೊಳ್ಳದೆ ಸ್ನೇಹ ಬೆಳೆಸಿದ ಅಪರೂಪದ ಮನುಷ್ಯ. ಎರಡು ವರ್ಷದ ಹಿಂದೆ ಅವನ ಫೋನು ಬಂತು. ಅವನ ತಂದೆ ಯಾವ ಕಾಲದಲ್ಲೋ ಗುಜರಿಯಿಂದ ಕೊಂಡು ತಂದ ಒಂದು ಮೋಟಾರು ಹೊಲದಲ್ಲಿ ಚಕ್ರವಿಲ್ಲದೆ ಬಿದ್ದಿತ್ತಂತೆ. ಅದರಲ್ಲಿ ಹಸಿ ಹುಲ್ಲು, ಕಣಿಕೆ ತುಂಬುತ್ತಿದ್ದರಂತೆ. ಈಗ ಅದನ್ನು ಆಟೋ ನಗರಕ್ಕೆ ಎಳೆಸಿ ತಂದಿದ್ದಾನೆ, ದುರಸ್ತಿ ಮಾಡಿಸಿ ಅಂಗಡಿಯ ಪೇಢೆ ಸಾಗಿಸಲು ಇಟ್ಟುಕೊಳ್ಳುತ್ತಾನೆ. ಇಷ್ಟು ಹಳೆಯ ಗಾಡಿಯನ್ನು ನೋಂದಣಿ ಮಾಡಿಸಬೇಕಾದರೆ ಅದು ಏನು, ಎಲ್ಲಿಯದು ಎಂಬುದು ಗೊತ್ತಾಗಬೇಕು. ಅದಕ್ಕೆ ನಾನು.

ಹೋಗಿ ನೋಡಿದೆ. ಲಾರಿಗಳ ಅಸ್ಥಿಪಂಜರದ ನಡುವೆ ಅದು ಅಟ್ಟದಿಂದ ಇಳಿಸಿದ ಹಳೆಯ ಕಪಾಟಿನ ಹಾಗೆ ನಿಂತಿತ್ತು. ಮುಂದೆ ಉದ್ದನೆಯ ಮೂತಿ, ಹಿಂದೆ ಸಾಗವಾನಿಯ ಪೆಟ್ಟಿಗೆ, ಮೇಲೆ ಕಮಾನಿನ ಚಾವಣಿ. ಚಾಸಿ ಪರದೇಶದ್ದು, ಪೆಟ್ಟಿಗೆ ನಮ್ಮವರದ್ದು. ಮೂಲೆಯ ಕೂಡಿಕೆಗಳನ್ನು ನಮ್ಮ ಬಡಿಗರು ಮನೆ ಬಾಗಿಲಿಗೆ ಮಾಡುವಂತೆ ಮರದ ಗೂಟದಿಂದ ಬಿಗಿದಿದ್ದರು. ಪೆಟ್ಟಿಗೆಯ ಒಳಗೆ ನೆಲಕ್ಕೆ ಮತ್ತು ಸೊಂಟದ ಎತ್ತರದವರೆಗೆ ಗೋಡೆಗೆ ಬೂದು ಬಣ್ಣದ ತಗಡು ಹೊದಿಸಿತ್ತು. ಹಿಂಬದಿಯಲ್ಲಿ ನೀರು ಹರಿದು ಹೋಗಲು ಒಂದು ಕೊಳವೆ.

“ಸಾಹೇಬ್ರ, ಇದು ಐಸ್ ಗಾಡಿ ಅಂತ ಎಲ್ಲಾರೂ ಅಂತಾರ. ಯಾವ ಊರಿಂದು, ಯಾವ ಕಾಲದ್ದು ಅಂತ ನೀವು ಗೊತ್ತ ಮಾಡಿಕೊಡ್ರಿ. ಮಾದೇವಿ ಕುಬಸದ ದಿನ ಅಂಗಡಿ ಮುಂದ ತಂದು ನಿಲ್ಲಸ್ತೀನಿ” ಎಂದ.

ಮಹಾದೇವಿ ಅವನ ಒಬ್ಬಳೇ ಮಗಳು, ಚಿಟಗುಪ್ಪಕ್ಕೆ ಕೊಟ್ಟಿದ್ದ. ಚೊಚ್ಚಲ ಬಸುರಿ. ವಾಂತಿ, ಸುಸ್ತು ಹೆಚ್ಚಾಗಿದ್ದರಿಂದ ಕುಬಸಕ್ಕೆ ಮೊದಲೇ ತವರಿಗೆ ಬಂದು ಎರಡು ತಿಂಗಳಾಗಿತ್ತು. ಬರುವ ವಾರ ಕುಬಸ, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಊರಿಗೆಲ್ಲ ಊಟ. ಕಾಶಿನಾಥನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಐಸ್ ಗಾಡಿ ಎಂಬ ಮಾತು ನನಗೂ ಮೊದಲು ಸರಿ ಕಂಡಿತು. ಐಸ್ ಕರಗಿದ ನೀರಿಗೆ ತಗಡು ಬೇಕು, ಕೊಳವೆ ಬೇಕು. ಆದರೆ ಹಲಗೆಯ ಸಂದಿಯಲ್ಲಿ ತಂತಿ ತೂರಿಸಿ ನೋಡಿದರೆ ಐಸ್ ಕಾಯುವ ಮರದ ಹೊಟ್ಟಿನ ಹುಡಿ ಒಂದು ಚಿಟಿಕೆಯೂ ಸಿಗಲಿಲ್ಲ. ತಲೆ ಎತ್ತಿದರೆ ಚಾವಣಿಯಲ್ಲಿ ಗಾಳಿಯಾಡಲು ಎರಡು ತೂತು, ಮೇಲೆ ಟೋಪಿ. ಐಸ್ ಇಡುವ ಪೆಟ್ಟಿಗೆಗೆ ಬಿಸಿಗಾಳಿಯ ದಾರಿ ಯಾವ ಬುದ್ಧಿವಂತ ಕೊರೆದಾನು? ಆಗ ನನಗೆ ಹಳೆಯ ಅಂಜಿಕೆ ಶುರುವಾಯಿತು. ಗಾಡಿ ತಾನು ಏನೆಂದು ಹೇಳುತ್ತಿದೆಯೋ ಅದಲ್ಲ ಎಂದು ತಿಳಿದಾಗ ಆಗುವ ಅಂಜಿಕೆ ಅದು.

ತಗಡಿನ ಒಂದು ಮೂಲೆಯಲ್ಲಿ ಮುದ್ರೆಯಂಥದ್ದು ಏನೋ ಉಬ್ಬಿತ್ತು. ಅಭ್ಯಾಸ ಬಲ, ಕಿಸೆಯಿಂದ ಕಾಗದ ತೆಗೆದು ಅದರ ಮೇಲೆ ಹಚ್ಚಿದೆ. ಒಂದು ಕೈಯ ಹೆಬ್ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಪೆನ್ಸಿಲ್ ಹುಡುಕುವಾಗ ಕಾಗದ ಜಾರಿ ಬಿತ್ತು. ಎತ್ತಿಕೊಂಡು ನೋಡಿದರೆ ತಗಡಿಗೆ ತಾಗಿದ ಮಗ್ಗುಲಿಗೆ ಬೂದು ಗೆರೆ ಬಿದ್ದಿತ್ತು. ಪೆನ್ಸಿಲ್ ಇನ್ನೂ ಕಿಸೆಯಲ್ಲೇ ಇತ್ತು. ಉಗುರಿನಿಂದ ಕೆರೆದೆ, ತಗಡು ಮೇಣದಂತೆ ಮೆತ್ತಗೆ ಕಿತ್ತು ಬಂದು ಒಳಗೆ ಹೊಳೆಯಿತು. ಕಾಗದದ ಮೇಲೆ ಹೀಗೆ ತಾನೇ ಬರೆಯುವ ಲೋಹ ಒಂದೇ, ಸೀಸ.

ಸೀಸ ಆದರೇನು, ಮೈಗೆ ತಾಗಿದರೆ ಸಾಯುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದವನು ಬಲಗಡೆಯ ಗೋಡೆ ನೋಡಿದೆ. ಅಲ್ಲಿ ಬರೀ ಮರವಿತ್ತು. ತಗಡನ್ನು ಇತ್ತೀಚೆಗೆ ಕಿತ್ತ ಗುರುತು, ಮೊಳೆಯ ತೂತು ಇನ್ನೂ ಹಸಿಯಾಗಿತ್ತು. ಈ ಕಡೆಯ ತಗಡು ಎಲ್ಲಿ ಎಂದು ಕಾಶಿನಾಥನನ್ನು ಕೇಳಿದೆ.

“ಅದಾ? ಹಳಿ ಕಾಲದ ಪಕ್ಕಾ ಕಲಾಯಿ ಲೋಹ ನೋಡ್ರಿ, ಸುಮ್ನ ಗುಜರಿಗಿ ಯಾಕ ಹಾಕ್ಲಿ? ಎರಡ ತಿಂಗಳ ಹಿಂದ ಕಲಾಯಿ ಹಚ್ಚೋ ಖಾಜಾಮಿಯಾಗ ಕೊಟ್ಟೆ. ಮನ್ಯಾಗಿನ ತಾಂಬ್ರದ ಭಾಂಡಿಗೆಲ್ಲ ಅದನ್ನೇ ಹಚ್ಚಸೀನಿ. ಮಗಳು ಬಸುರಿ ಬಂದಾಳ, ಸ್ಟೀಲಿನಾಗ ಯಾಕ ಉಣಬೇಕು” ಎಂದ.

ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಏರುತ್ತದೆ. ಅದಕ್ಕೆ ಒಳಗೆ ತವರದ ಲೇಪ ಹಚ್ಚಿಸುತ್ತಾರೆ, ಅದೇ ಕಲಾಯಿ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಲೋಹವನ್ನು ತಾವೇ ಕೊಟ್ಟು ಕಲಾಯಿಯವನಿಂದ ಕೆಲಸ ಮಾತ್ರ ಮಾಡಿಸಿಕೊಳ್ಳುವ ರೂಢಿ ಇದೆ. ಅಂಗಡಿಯ ಲೋಹದಲ್ಲಿ ಕಲಬೆರಕೆ ಇರುತ್ತದೆಂದು ಅನುಮಾನ. ಮಗಳಿಗೆ ಕಲಬೆರಕೆ ಬೇಡವೆಂದು ಕಾಶಿನಾಥ ಮನೆಯ ಲೋಹವನ್ನೇ ಕೊಟ್ಟಿದ್ದ. ನಾನು ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ತಪ್ಪು ಹೇಳಿದರೆ ಒಂದು ಮನೆಯ ಶುಭಕಾರ್ಯ ಕೆಡಿಸಿದ ಪಾಪ. ಸರಿ ಹೇಳಿದರೆ ಇನ್ನೂ ಕೆಟ್ಟದ್ದು. ಅವನಿಗೆ ಏನೂ ಹೇಳದೆ, ಮನೆಗೆ ಹೋಗೋಣ, ಪಾತ್ರೆ ತೋರಿಸು ಎಂದೆ. ನನ್ನ ಮುಖ ನೋಡಿ ಅವನು ತಕ್ಷಣ ಹೊರಟ.

ಮನೆಯ ನಡುಕೋಣೆಯಲ್ಲಿ ಮಹಾದೇವಿ ಊಟಕ್ಕೆ ಕುಳಿತಿದ್ದಳು. ತಾಯಿ ಕಮಲಾಬಾಯಿ ಕಲಾಯಿ ಹಚ್ಚಿದ ಪಾತ್ರೆಯಿಂದ ಬಿಸಿ ರೊಟ್ಟಿಗೆ ಪುಂಡಿಪಲ್ಯ ಬಡಿಸುತ್ತಿದ್ದರು. ಪುಂಡಿಪಲ್ಯದಷ್ಟು ಹುಳಿ ನಮ್ಮ ಕಡೆ ಇನ್ನೊಂದಿಲ್ಲ. ಬಸುರಿ ಬಯಕೆ, ದಿನಾ ಅದೇ ಬೇಕಂತೆ. ಹುಡುಗಿಯ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಹೊಟ್ಟೆ ಮುರಿಯುತ್ತದೆ, ಬಯಲಿಗೆ ಸರಿಯಾಗಿ ಆಗುವುದಿಲ್ಲ, ತಲೆ ನೋವು ಬಿಡುವುದಿಲ್ಲ ಎಂದು ಕಮಲಾಬಾಯಿ ಮಾತಿನ ನಡುವೆ ಹೇಳಿದರು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು.

ನಾನು ಒಂದು ಖಾಲಿ ಡಬರಿ ತರಿಸಿ, ಒರೆಸಿ, ಒಳಗೋಡೆಗೆ ಕಾಗದ ಒತ್ತಿ ಎಳೆದೆ. ಗೆರೆ ಬಿತ್ತು, ಗಾಡಿಯಲ್ಲಿ ಬಿದ್ದದ್ದಕ್ಕಿಂತ ಮಸುಕಾಗಿ, ಆದರೆ ಬಿತ್ತು. ಕಾಗದವನ್ನು ಕಾಶಿನಾಥನ ಮುಂದೆ ಹಿಡಿದು ಸೀಸ ಎಂದೆ. ಇನ್ನೊಮ್ಮೆ ಹೇಳಬೇಕಾಯಿತು. ಮಗಳ ಕೈಯಲ್ಲಿ ತುತ್ತು ಹಾಗೇ ನಿಂತಿತ್ತು. ಕಮಲಾಬಾಯಿ ಅದನ್ನು ಕಿತ್ತು ಎಸೆದು, ಅವಳ ಬಾಯಿಯಲ್ಲಿದ್ದದ್ದನ್ನೂ ಬೆರಳು ಹಾಕಿ ತೆಗೆದರು.

ಹುಮನಾಬಾದಿನ ಹೆಣ್ಣುಮಕ್ಕಳ ಡಾಕ್ಟರರೊಬ್ಬರು ನನಗೆ ಪರಿಚಯ. ಅವರ ಹತ್ತಿರ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಕಾಶಿನಾಥ ಗಾಡಿ ಓಡಿಸುತ್ತ ಮತ್ತೆ ಮತ್ತೆ ಮಗಳ ಕಡೆ ತಿರುಗುತ್ತಿದ್ದ. ಎಲ್ಲಿ ಗುದ್ದುತ್ತಾನೋ ಎಂದು ನಾನು ಸೀಟಿನ ಅಂಚು ಬಿಗಿಯಾಗಿ ಹಿಡಿದಿದ್ದೆ. ಡಾಕ್ಟರು ಮಹಾದೇವಿಯ ತುಟಿ ಎತ್ತಿ ವಸಡಿನ ಮೇಲೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಹಲ್ಲಿನ ಬುಡದುದ್ದಕ್ಕೂ ಸಣ್ಣ ನೀಲಿ ಗೆರೆ ಇತ್ತು. ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದರು.

“ಆ ಗಾಡ್ಯಾಗ ಏನ ಒಯ್ತಿದ್ರು? ಬರೇ ಸೀಸ ಆದ್ರ ಒಂದು ದಾರಿ. ಇಲಿ ಪಾಷಾಣ, ಹುಳದ ಔಷಧ ಅಂಥಾದ್ದು ಆ ತಗಡಿಗಿ ಹತ್ತಿದ್ರ ಬ್ಯಾರೆ ದಾರಿ ಹಿಡಿಬೇಕಾಗ್ತದ. ಜಲ್ದಿ ಗೊತ್ತ ಮಾಡಿ ಹೇಳ್ರಿ” ಎಂದರು.

ನೌಕರಿಯಲ್ಲಿದ್ದಾಗ ಸಾವಿರಾರು ಗಾಡಿ ನೋಡಿದ್ದೇನೆ. ಒಂದು ಗಾಡಿಯ ಹಳೆಯ ಕಥೆ ಗೊತ್ತಾಗುವುದರ ಮೇಲೆ ಒಬ್ಬಳ ಔಷಧ ನಿಂತದ್ದು ಅದೊಂದೇ ಸಲ. ಬಾಡಿಗೆ ಜೀಪು ಮಾಡಿಕೊಂಡು ಆಟೋ ನಗರಕ್ಕೆ ಮರಳಿದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೂಗಿಗೆ ಟವೆಲ್ ಕಟ್ಟಿಕೊಂಡು ಪೆಟ್ಟಿಗೆಯ ಒಳಗೆ ಹೊಕ್ಕೆ. ಆ ಕಪ್ಪು ಪೆಟ್ಟಿಗೆ ಏನನ್ನು ನುಂಗಿ ಕುಳಿತಿದೆಯೋ, ಉಸಿರಾಡಿದ್ದೇ ತಪ್ಪೋ ಎಂದು ಅನಿಸಿ ಎರಡು ಸಲ ಹೊರಗೆ ಹಾರಿದೆ. ಮೂರನೆಯ ಸಲ ನಿಂತೆ.

ಮೊದಲು ಹೊರಗಡೆ ಬಣ್ಣ ಕೆರೆಸಿದೆ. ಹಸಿರಿನ ಕೆಳಗೆ ಬೂದು, ಅದರ ಕೆಳಗೆ ಕೆನೆ ಬಣ್ಣ, ಆ ಕೆನೆ ಬಣ್ಣದ ಮೇಲೆ ಒಂದು ಚಿತ್ರ. ಗುಂಡು ಹೊಟ್ಟೆ, ಗಿಡ್ಡ ಕುತ್ತಿಗೆ. ಅಲ್ಲಿನ ಪೇಂಟರ್ ಹಾಲಿನ ಕೊಡ ಎಂದ. ಕೊಡಕ್ಕೆ ಸುತ್ತ ಬುಟ್ಟಿಯ ಹೆಣಿಗೆ ಯಾಕೆ ಎಂದರೆ ಅವನಿಗೆ ತಿಳಿಯಲಿಲ್ಲ. ನೆಲದ ತಗಡಿನ ಒಂದು ಅಂಚು ಎತ್ತಿಸಿದೆ. ಕೆಳಗಿನ ಹಲಗೆ ಇದ್ದಿಲಿನಂತೆ ಕಪ್ಪಾಗಿತ್ತು, ಬೆಂಕಿ ಬಿದ್ದ ಗುರುತಿಲ್ಲ. ಮುಟ್ಟಿದರೆ ಪುಡಿ. ಹಲಗೆ ಹಿಡಿದಿದ್ದ ಕಬ್ಬಿಣದ ಬೋಲ್ಟು ನಡುವೆ ಸವೆದು ಸೂಜಿಯಾಗಿತ್ತು. ತಗಡು ಮಾತ್ರ ನೆಟ್ಟಗಿತ್ತು. ಮರವನ್ನೂ ಕಬ್ಬಿಣವನ್ನೂ ತಿಂದದ್ದು ಸೀಸವನ್ನು ಬಿಟ್ಟಿದೆ.

ಆಗ ನನಗೆ ಹೊಳೆಯಿತು. ಈ ಬಗೆಯ ತಿನ್ನುವಿಕೆಯನ್ನು ಪ್ರತಿ ಲಾರಿಯಲ್ಲಿ ಒಂದು ಕಡೆ ನೋಡಿದ್ದೆ, ಬ್ಯಾಟರಿ ಇಡುವ ತಟ್ಟೆಯಲ್ಲಿ. ಬ್ಯಾಟರಿಯ ನೀರು ಸೋರಿದರೆ ಕಬ್ಬಿಣ ಹೀಗೇ ಸವೆಯುತ್ತದೆ, ಕೆಳಗಿನ ಮರ ಹೀಗೇ ಕಪ್ಪಾಗುತ್ತದೆ. ಹುಮನಾಬಾದಿನಲ್ಲಿ ಬ್ಯಾಟರಿ ಕೆಲಸ ಮಾಡಿ ಮುದುಕರಾದ ಗುರುನಾಥಪ್ಪ ಇದ್ದಾರೆ, ಅವರ ತಂದೆಯದೂ ಅದೇ ಅಂಗಡಿ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಅವರ ಮನೆಗೆ ಓಡಿದೆ. ಫೋಟೊವನ್ನು ಬೈದವನು ನಾನೇ, ಈಗ ಅದೇ ಬೇಕಾಯಿತು.

ಗುರುನಾಥಪ್ಪ ಕನ್ನಡಕ ಏರಿಸಿ ನೋಡಿದರು. ನೋಡಿದವರು ಫೋನನ್ನು ಕೈಯಿಂದ ದೂರ ಸರಿಸಿದರು.

“ತೇಜಾಬಿನ ಗಾಡಿ ಇದು. ನಮ್ಮಪ್ಪನ ಅಂಗಡಿಗಿ ಇದರಾಗೇ ತೇಜಾಬು ಬರ್ತಿತ್ತು, ಸೊಲ್ಲಾಪುರ ಕಡಿಂದ. ಗಾಡಿ ನಿಂತ ಕೂಡ್ಲೆ ಡ್ರೈವರ ಇಳದು ಮೊದಲ ನೆಲಕ್ಕ ಸುಣ್ಣ ಚೆಲ್ಲತಿದ್ದ, ಆಮ್ಯಾಲ ಬಾಗಲಾ ತೆಗಿಯಂವ. ಬುಟ್ಟ್ಯಾಗ ಹುಲ್ಲು ತುಂಬಿ ಗಾಜಿನ ಬುರುಡಿ. ಗಾಡಿ ಬಂತು ಅಂದ್ರ ನಮ್ಮವ್ವ ನನ್ನ ಎತ್ಕೊಂಡು ಒಳಗ ಓಡತಿದ್ಳು” ಎಂದರು.

ತೇಜಾಬು ಎಂದರೆ ಬ್ಯಾಟರಿಗೆ ಹಾಕುವ ಆಸಿಡ್. ಬೇರೇನಾದರೂ ಸಾಗಿಸುತ್ತಿದ್ದರೇ, ಔಷಧ, ಪಾಷಾಣ ಎಂದು ಪೀಡಿಸಿ ಕೇಳಿದೆ. ಅವರು ಗದರಿಬಿಟ್ಟರು. ತೇಜಾಬಿನ ಜೊತೆಗೆ ಇನ್ನೊಂದು ಸಾಮಾನು ಇಟ್ಟರೆ ಅದು ಉಳಿಯುತ್ತದೆಯೇ, ಆ ಗಾಡಿಯಲ್ಲಿ ಚಾಲಕ ತನ್ನ ಊಟದ ಡಬ್ಬಿಯನ್ನೂ ಹಿಂದೆ ಇಡುತ್ತಿರಲಿಲ್ಲ ಎಂದರು. ತೇಜಾಬು ಸೋರಿ ಗಾಡಿಯನ್ನು ತಿನ್ನದಿರಲೆಂದೇ ಸೀಸದ ತಗಡು, ಆವಿ ಹೋಗಲೆಂದೇ ಚಾವಣಿಯ ತೂತು. ಹಿಂಬದಿಯ ಕೊಳವೆಯ ಬಾಯಲ್ಲಿ ಗಟ್ಟಿಯಾದ ಬಿಳಿ ಹಕ್ಕಳೆ ಕಂಡಿದ್ದೆ, ಅದು ಸುಣ್ಣ. ಯಾವ ಊರಿನದು, ಯಾವ ಕಾಲದ್ದು ಎಂದು ಕಾಶಿನಾಥ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದನ್ನು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಡಾಕ್ಟರಿಗೆ ಹೇಳಿದೆ. ತೇಜಾಬು ಯಾವಾಗಲೋ ತೊಳೆದು ಹೋಗಿದೆ, ಉಳಿದಿರುವುದು ಸೀಸವೊಂದೇ ಎಂದು ಅವರು ಉಸಿರು ಬಿಟ್ಟರು. ಆದರೆ ಸೀಸ ತಾಯಿಯ ರಕ್ತದಿಂದ ಕೂಸಿಗೆ ಹೋಗುತ್ತದೆ, ಎಷ್ಟು ಹೋಗಿದೆಯೆಂದು ಈಗ ಹೇಳಲಾಗದು ಎಂದರು. ರಕ್ತದ ವರದಿ ಬರುವವರೆಗಿನ ದಿನಗಳನ್ನು ನಾನು ಮರೆಯುವುದಿಲ್ಲ. ಖಾಜಾಮಿಯಾ ತಾನಾಗಿಯೇ ದವಾಖಾನೆಗೆ ಬಂದು ಬೆಂಚಿನ ಮೇಲೆ ಕುಳಿತಿದ್ದ, ಉಳಿದ ತಗಡಿನ ತುಂಡುಗಳನ್ನು ಚೀಲದಲ್ಲಿ ತಂದಿದ್ದ.

“ಬರೇ ಆ ಲೋಹ ತಾಂಬ್ರಕ್ಕ ಹತ್ತಲಿಲ್ರಿ ಸಾಹೇಬ್. ನಂದು ಕಲಾಯಿ ಜರಾ ಕೂಡಿಸಿದ ಮ್ಯಾಲ ಹತ್ತಿತು. ಹಳಿ ಮಾಲು, ಜಿಡ್ಡು ಇರಬೇಕು ಅಂದ್ಕೊಂಡೆ” ಎಂದ. ಬೇರೆ ಯಾರ ಮನೆಗಾದರೂ ಹಚ್ಚಿದ್ದೀಯಾ ಎಂದರೆ ಇಲ್ಲ ಎಂದು ದೇವರ ಆಣೆ ಮಾಡಿದ. ಡಾಕ್ಟರು ಅವನ ರಕ್ತವನ್ನೂ ತೆಗೆದರು, ಆ ಹೊಗೆ ಕುಡಿದವನು ಅವನೇ ತಾನೆ.

ವರದಿ ಬಂತು. ಮಹಾದೇವಿಯದು ಹೆಚ್ಚಾಗಿತ್ತು, ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಕುಬಸದ ಊಟ ನಿಂತಿತು. ಅದಕ್ಕೆ ಗೊತ್ತುಮಾಡಿದ್ದ ದಿನ ಬಂದಾಗ ಕಮಲಾಬಾಯಿ ಆಸ್ಪತ್ರೆಯ ಮಂಚದ ಮೇಲೆಯೇ ಮಗಳಿಗೆ ಹಸಿರು ಸೀರೆ ಹೊದಿಸಿ, ನರ್ಸಿನ ಅಪ್ಪಣೆ ಪಡೆದು ಬಳೆ ತೊಡಿಸಿದರು. ಸೂಜಿ ಚುಚ್ಚಿದ್ದ ಕೈ ಬಿಟ್ಟು ಇನ್ನೊಂದು ಕೈಗೆ ಮಾತ್ರ. ಕಾಶಿನಾಥ ಒಳಗೆ ಬರಲಿಲ್ಲ, ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ನಾನು ಹತ್ತಿರ ಹೋದೆ. “ನನ್ನ ಕೈಲೇ ಹಾಕೀನ್ರಿ, ಸಾಹೇಬ್ರ. ದಿನಾ ಉಣ್ಣು ಉಣ್ಣು ಅಂತ ನಾನೇ ಅಂದೀನಿ” ಎಂದ. ನಾನು ಪಕ್ಕದಲ್ಲಿ ನಿಂತೆ.

ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಹೆಣ್ಣು, ಅಂಗೈಯಷ್ಟು. ಅಳಲು ಸ್ವಲ್ಪ ತಡ ಮಾಡಿತಂತೆ. ಆ ಸ್ವಲ್ಪ ಹೊತ್ತಿನಲ್ಲಿ ಹೆರಿಗೆ ಕೋಣೆಯ ಹೊರಗೆ ನಿಂತವರು ಎಷ್ಟು ಸವೆದರೆಂದು ನನಗೆ ಗೊತ್ತು, ನಾನೂ ಅಲ್ಲಿದ್ದೆ. ತಾಯಿ ಚೇತರಿಸಿಕೊಂಡಳು, ಮಗುವಿನ ರಕ್ತದಲ್ಲಿ ಸೀಸ ಪ್ರತಿ ಸಲವೂ ಕಡಿಮೆಯಾಗುತ್ತ ಬಂದಿದೆ. ಮಾತು, ನಡಿಗೆ, ಬುದ್ಧಿ ಎಲ್ಲವನ್ನೂ ಕೆಲವು ವರ್ಷ ನೋಡುತ್ತಲೇ ಇರಬೇಕು ಎಂದಿದ್ದಾರೆ. ಖಾಜಾಮಿಯಾನ ಕೈಗೆ ಬಂದಿದ್ದ ನಡುಕ ಮುಪ್ಪಿನದಲ್ಲ, ಸೀಸದ್ದು ಎಂದು ಗೊತ್ತಾಗಿ ಅವನಿಗೂ ಔಷಧ ನಡೆದಿದೆ. ಗಾಡಿ ಆಟೋ ನಗರದ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿದೆ. ಸೀಸವನ್ನೆಲ್ಲ ತಿಳಿದವರ ಕೈಯಿಂದ ತೆಗೆಸಿ ಕಳಿಸಿದ್ದಾಯಿತು. ಹಳೆಯ ಗಾಡಿ ಸಂಗ್ರಹಿಸುವವರು ಕೇಳಿಕೊಂಡು ಬರುತ್ತಾರೆ, ಕಾಶಿನಾಥ ಮಾರುವುದೂ ಇಲ್ಲ, ನೋಡಲು ಹೋಗುವುದೂ ಇಲ್ಲ.

ಕೆಲಸಕ್ಕೆ ಸೇರುವವರಿಗೆ ಇದರಿಂದ ಬುದ್ಧಿ ಹೇಳುವ ಆಸೆ ನನಗಿಲ್ಲ. ಜನ ನಿಮ್ಮನ್ನು ಗಾಡಿ ಯಾವುದು ಎಂದು ಕೇಳುತ್ತಾರೆ. ಗಾಡಿಯಿಂದ ಏನೇನು ಕಿತ್ತಿದ್ದಾರೆ, ಅದು ಎಲ್ಲಿ ಹೋಗಿದೆ ಎಂದು ನೀವಾಗಿಯೇ ಕೇಳಬೇಕು. ಕೇಳುವಾಗ ಹೆದರಿಕೆಯಾದರೆ ನಾಚಿಕೊಳ್ಳಬೇಡಿ. ಅಷ್ಟು ಸಾಕು.

ಹೋದ ತಿಂಗಳು ಬಸವಕಲ್ಯಾಣಕ್ಕೆ ಹೋದಾಗ ಅವರ ಮನೆಗೆ ಹೋಗಿದ್ದೆ. ಮಹಾದೇವಿ ಮಗಳೊಂದಿಗೆ ಬಂದಿದ್ದಳು. ಊಟಕ್ಕೆ ಕುಳಿತೆವು, ಎಲ್ಲ ಸ್ಟೀಲಿನ ತಟ್ಟೆ. ಮೊದಲೆಲ್ಲ ಪಂಕ್ತಿಯಲ್ಲಿ ತಾನೇ ನಿಂತು ಒತ್ತಾಯ ಮಾಡಿ ಬಡಿಸುತ್ತಿದ್ದ ಕಾಶಿನಾಥ ಕೈ ಮಡಿಚಿಕೊಂಡು ಒಂದು ಮೂಲೆಯಲ್ಲಿ ಕುಳಿತಿದ್ದ. ಅಂದಿನಿಂದ ಇವರು ಯಾರಿಗೂ ಒಂದು ಲೋಟ ನೀರನ್ನೂ ಕೈಯಾರೆ ಕೊಟ್ಟಿಲ್ಲ, ಅಂಗಡಿಯಲ್ಲೂ ಪೇಢೆ ಮುಟ್ಟುವುದಿಲ್ಲ ಎಂದು ಕಮಲಾಬಾಯಿ ಮೆಲ್ಲಗೆ ಹೇಳಿದರು. ಮೊಮ್ಮಗಳು ಹಾಲಿನಲ್ಲಿ ನೆನೆಸಿದ ರೊಟ್ಟಿಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಚೆಲ್ಲುತ್ತ, ತಡವರಿಸುತ್ತ ನಡೆದು ಅಜ್ಜನ ಮುಂದೆ ಹೋಗಿ ಕುಳಿತಳು. ತಟ್ಟೆಯನ್ನು ಅವನ ಮಡಿಲಿಗೆ ತಳ್ಳಿ, ಬಾಯಿ ತೆರೆದು ಕಾದಳು. ಕಾಶಿನಾಥ ಹೆಂಡತಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಕೈ ಮಾತ್ರ ಬಿಚ್ಚಲಿಲ್ಲ. ಮಗು ಬಾಯಿ ಮುಚ್ಚಲಿಲ್ಲ.

ಮಹಾದೇವಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಲೆ ಎತ್ತಿದಳು.

“ಉಣಸ್ರಿ ಅಪ್ಪಾ” ಎಂದಳು.